ಹಾಸು ಯಾರದು, ಹೊಕ್ಕು ಯಾರದು?

ಶ್ರಾವಕರ ಮನೆಯಲ್ಲಿ ದಿನದ ಮೊದಲ ಕೆಲಸ ನೀರು ಗಾಳಿಸುವುದು. ಎರಡು ಪದರಾಗಿ ಮಡಿಚಿದ ದಪ್ಪ ಹತ್ತಿಯ ಬಟ್ಟೆಯನ್ನು ಕೊಡದ ಬಾಯಿಗೆ ಹಾಸಿ ನೀರೆರೆದು, ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಗಾಳಿಸಿದ ನೀರಿನಿಂದಲೇ ತೊಳೆದು, ತಂದ ಬಾವಿಗೋ ಕೆರೆಗೋ ಮರಳಿ ಬಿಡಬೇಕೆಂಬುದು ಹಿರಿಯರು ಪಾಲಿಸಿಕೊಂಡು ಬಂದ ವಿಧಿ. ನಲ್ಲಿ ಬಂದ ಮೇಲೆ ಈ ಕೊನೆಯ ಭಾಗ ಬಹಳ ಮನೆಗಳಲ್ಲಿ ಬಿಟ್ಟುಹೋಗಿದೆ, ಬಟ್ಟೆ ಉಳಿದಿದೆ. ಶ್ರುತಪಂಚಮಿಯಂದು ಶಾಸ್ತ್ರಗ್ರಂಥಗಳ ಹಳೆಯ ವೇಷ್ಟನಗಳನ್ನು ತೆಗೆದು ಹೊಸದನ್ನು ಸುತ್ತುತ್ತೇವೆ, ಅದೂ ಬಟ್ಟೆ. ಆರ್ಯಿಕಾ ಮಾತಾಜಿಯವರ ಮೈಮೇಲಿನ ಒಂದೇ ಬಿಳಿಯ ಸೀರೆಯೂ ಬಟ್ಟೆ. ವಸ್ತ್ರವು ಪರಿಗ್ರಹವೇ ಅಲ್ಲವೇ, ಅದರಿಂದ ಸ್ತ್ರೀಮುಕ್ತಿಗೆ ಬಾಧೆಯುಂಟೇ ಇಲ್ಲವೇ ಎಂದು ನಮ್ಮ ಎರಡು ಆಮ್ನಾಯಗಳ ನಡುವೆ ಶತಮಾನಗಳ ಕಾಲ ವಾದ ನಡೆದಿದೆ. ಅದನ್ನು ಇಲ್ಲಿ ಎತ್ತುವ ಉದ್ದೇಶ ನನಗಿಲ್ಲ. ಆದರೆ ಬಟ್ಟೆ ಉಡುವವರ ವಿಷಯದಲ್ಲಿ ಇಷ್ಟೊಂದು ವಿಚಾರ ಮಾಡಿದ ಸಮಾಜವು ಬಟ್ಟೆ ಮಾಡುವವರ ವಿಷಯದಲ್ಲಿ ಏನನ್ನು ವಿಚಾರಿಸಿದೆ ಎಂಬ ಪ್ರಶ್ನೆ ನನ್ನನ್ನು ಕೆಲವು ವರ್ಷಗಳಿಂದ ಕಾಡುತ್ತಿದೆ.

ಅದಕ್ಕೆ ಕಾರಣವಾದ ಸಂಗತಿಯನ್ನು ಹೇಳಿಬಿಡುವುದು ಒಳ್ಳೆಯದು. ನಾನು ಸದಸ್ಯನಾಗಿದ್ದ ಬಸದಿಯ ಸಮಿತಿಯೊಂದು ಪೂಜಾ ಮಹೋತ್ಸವದ ನಿಮಿತ್ತ ಸೇವೆ ಸಲ್ಲಿಸಿದ ಶ್ರಾವಿಕೆಯರಿಗೆ ಸೀರೆಗಳನ್ನು ಕೊಡುವುದೆಂದು ನಿಶ್ಚಯಿಸಿತು. ರೇಷ್ಮೆಯ ಎಳೆಯೊಂದೂ ಇರಕೂಡದು, ಗೂಡಿನೊಳಗಿನ ಹುಳುವನ್ನು ಕುದಿಯುವ ನೀರಿಗೆ ಹಾಕಿ ತೆಗೆದ ನೂಲು ಧರ್ಮಕಾರ್ಯಕ್ಕೆ ಸಲ್ಲದು ಎಂದು ಒಮ್ಮತವಾಯಿತು. ಅದು ಯೋಗ್ಯವಾದ ನಿರ್ಣಯವೇ. ನಾವಿಬ್ಬರು ಕುಷ್ಟಗಿ ತಾಲೂಕಿನ ಒಂದು ಊರಿಗೆ ಹೋಗಿ ನೇಕಾರರೊಬ್ಬರ ಪಡಸಾಲೆಯಲ್ಲಿ ಕುಳಿತು ದರ ಮಾತಾಡಿದೆವು. ಅವರು ನೂಲಿನ ಬೆಲೆ, ಬಣ್ಣದ ಖರ್ಚು, ಮಗ್ಗದ ಕೂಲಿ ಎಂದು ಲೆಕ್ಕ ಹೇಳಿದರು. ಜೊತೆಗಿದ್ದವರು, "ಕಂಡಿಕಿ ಸುತ್ತೋದು, ಹಾಸು ಹೂಡೋದು ಇದರಾಗ ಬಂತೇನು?" ಎಂದು ಕೇಳಿದರು. "ಅದು ಮನೀ ಹೆಣ್ಮಕ್ಕಳ ಕೆಲಸರೀ, ಅದಕ್ಕೇನ್ ಲೆಕ್ಕ" ಎಂದರು ನೇಕಾರರು. ನಮಗೆ ಅದು ಅನುಕೂಲವಾಗಿಯೇ ಕಂಡಿತು. ಆ ಕೆಲಸಕ್ಕೆ ಖರ್ಚಿಲ್ಲವೆಂದ ಮೇಲೆ ಸೀರೆಗೆ ಇಷ್ಟೇಕೆ ಎಂದು ನಾನೇ ದರವನ್ನು ಇನ್ನಷ್ಟು ಇಳಿಸಿದೆ. ಗೋಡೆಗೆ ಒರಗಿ ರಾಟಿಯ ಮೇಲೆ ಕಂಡಿಕೆ ಸುತ್ತುತ್ತಿದ್ದ ವೃದ್ಧೆಯೊಬ್ಬರು ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ರಾಟಿ ತಿರುಗಿಸಿದರು.

ಹುಳುವಿನ ವಿಷಯದಲ್ಲಿ ಅಷ್ಟು ಎಚ್ಚರಿದ್ದ ನಾನು ಆ ತಾಯಿಯ ವಿಷಯದಲ್ಲಿ ಏನು ಮಾಡಿದೆ ಎಂಬುದು ಊರಿಗೆ ಮರಳುವ ದಾರಿಯಲ್ಲಿಯೂ ಹೊಳೆಯಲಿಲ್ಲ. ಬಹಳ ದಿನಗಳ ಮೇಲೆ, ಅಣುವ್ರತಗಳ ಅತಿಚಾರಗಳನ್ನು ಕುರಿತ ಸ್ವಾಧ್ಯಾಯದಲ್ಲಿ ಕುಳಿತಿದ್ದಾಗ ಹೊಳೆಯಿತು.

೧೯೯೭ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದಾಗ ಕೊಪ್ಪಳಕ್ಕೆ ಇದ್ದವು ನಾಲ್ಕು ತಾಲೂಕುಗಳು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಪ್ರಾಚೀನ ಕೊಪಣವು ನಮ್ಮವರಿಗೆ ಮಹಾತೀರ್ಥ. ಅದರ ಬಸದಿಗಳನ್ನೂ ಶಾಸನಗಳನ್ನೂ ಕುರಿತು ಬರೆದವರು ಅನೇಕರು. ಅಲ್ಲಿಯ ಬಟ್ಟೆಯನ್ನು ಕುರಿತು ಬರೆದವರು ವಿರಳ. ತುಂಗಭದ್ರೆಯ ಕಾಲುವೆ ಬಂದ ಮೇಲೆ ಗಂಗಾವತಿಯ ಕಡೆ ಬತ್ತದ ಸೀಮೆಯಾಯಿತು. ಯಲಬುರ್ಗಾ, ಕುಷ್ಟಗಿಗಳ ಎರೆಭೂಮಿಯು ಹತ್ತಿ ಜೋಳಗಳದಾಗಿಯೂ ಮಸಾರಿ ಭೂಮಿಯು ಕುರಿ ಮೇಯುವ ಬಯಲಾಗಿಯೂ ಉಳಿಯಿತು. ಕೊಪ್ಪಳದ ಮಗ್ಗುಲಿನ ಭಾಗ್ಯನಗರ, ಬಣ್ಣದ ಗೊಂಬೆಗಳಿಗೆ ಹೆಸರಾದ ಕಿನ್ನಾಳ, ಕುಷ್ಟಗಿಯ ದೋಟಿಹಾಳ ಇವೆಲ್ಲ ಮಗ್ಗದ ಸದ್ದು ಕೇಳಿದ ಊರುಗಳು. ಗಡಿ ದಾಟಿದರೆ ಇಳಕಲ್, ಗುಳೇದಗುಡ್ಡ.

ಈ ಸೀಮೆಯಲ್ಲಿ ಹತ್ತಿಯು ಬಟ್ಟೆಯಾಗುವ ದಾರಿಯನ್ನು ಹಿಂಬಾಲಿಸಿದರೆ ಕೆಲಸವು ಹೆಣ್ಣಿನ ಕೈಯಿಂದ ಗಂಡಿನ ಕೈಗೆ, ಗಂಡಿನ ಕೈಯಿಂದ ಹೆಣ್ಣಿನ ಕೈಗೆ ಹಲವು ಬಾರಿ ದಾಟುವುದು ಕಾಣುತ್ತದೆ. ಹತ್ತಿ ಬಿಡಿಸುವವರು ಹೆಂಗಸರು. ಬಿಲ್ಲಿನಿಂದ ಅದನ್ನು ಹಿಂಜುತ್ತಿದ್ದವರು ಪಿಂಜಾರ ಗಂಡಸರು. ಹಂಜಿಯನ್ನು ರಾಟಿಗೆ ಹಿಡಿದು ನೂಲು ತೆಗೆಯುತ್ತಿದ್ದವರು ಹೆಂಗಸರು. ಲಡಿ ಬಿಚ್ಚುವುದು, ಕಂಡಿಕೆ ಸುತ್ತುವುದು, ಹಾಸು ಹೂಡುವುದು, ಗಂಜಿ ಕೊಡುವಾಗ ಎಳೆ ಹಿಡಿಯುವುದು, ಮುಗಿದ ಹಾಸಿನ ತುದಿಗೆ ಹೊಸ ಹಾಸಿನ ಸಾವಿರಾರು ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುವುದು ಹೆಚ್ಚಾಗಿ ಹೆಂಗಸರ, ಮಕ್ಕಳ ಪಾಲು. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು ಲಾಳಿ ಎಸೆಯುವವನು ಗಂಡಸು, ಅವನಿಗೆ ಮಾತ್ರ ನೇಕಾರನೆಂಬ ಹೆಸರು.

ಇಳಕಲ್ ಸೀರೆಯಲ್ಲಿ ಈ ಪೂರ್ವಸಿದ್ಧತೆಯ ಭಾರ ಇನ್ನೂ ಹೆಚ್ಚು. ಅದರ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕುಣಿಕೆಗಳ ಸಾಲಿನಿಂದ ಒಂದಕ್ಕೊಂದು ಕೋದು ಜೋಡಿಸಬೇಕು. ಟೋಪ ತೆನಿ ಸೆರಗೆಂದು ಅದಕ್ಕೆ ಹೆಸರು. ಈ ಜೋಡಣೆಯ ಕಾರಣದಿಂದ ಬೇರೆ ಬಟ್ಟೆಗಳಂತೆ ಉದ್ದನೆಯ ಹಾಸನ್ನು ಮಗ್ಗಕ್ಕೇರಿಸಿ ಸೀರೆಯ ಮೇಲೆ ಸೀರೆ ನೇಯ್ದುಕೊಂಡು ಹೋಗಲಾಗುವುದಿಲ್ಲ. ಆರು ಗಜದ್ದೋ ಎಂಟು ಗಜದ್ದೋ ಒಂದು ಸೀರೆಗೆ ಸಾಕಾಗುವಷ್ಟೇ ಹಾಸು, ಮತ್ತೆ ಮೊದಲಿನಿಂದ ಜೋಡಣೆ. ಯಾವ ಸೆರಗನ್ನು ನೋಡಿ ಇದು ಇಳಕಲ್ ಎಂದು ಗುರುತಿಸುತ್ತೇವೆಯೋ ಆ ಸೆರಗಿನ ಹಿಂದೆ, ಲಾಳಿ ಒಮ್ಮೆಯೂ ಓಡುವುದಕ್ಕಿಂತ ಮುಂಚೆ, ಇಷ್ಟು ಕೆಲಸ ಆಗಿರುತ್ತದೆ. ನಾನು ಖರ್ಚಿಲ್ಲವೆಂದು ದರದಿಂದ ಕಳೆದದ್ದು ಇದನ್ನು.

ಕಂಬಳಿಯದೂ ಇದೇ ಕಥೆ. ಕುರುಬರ ಮನೆಗಳಲ್ಲಿ ಗಂಡಸರು ಕುರಿಯ ಉಣ್ಣೆ ಕತ್ತರಿಸುತ್ತಾರೆ, ಹೆಂಗಸರು ನೂಲುತ್ತಾರೆ, ಗಂಡಸರು ನೇಯುತ್ತಾರೆ; ಹುಣಸೆಬೀಜದ ಗಂಜಿ ಕೊಟ್ಟು ಬಿಗಿಗೊಳಿಸುತ್ತಾರೆ. ಹೊಲಿಗೆಯಲ್ಲಿ ಗೆರೆ ಇನ್ನೂ ಸ್ಪಷ್ಟ. ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಸಿ ಕೌದಿ ಹೊಲಿಯುವವಳು ಹೆಣ್ಣು, ಸೆರಗಿನ ಮೇಲೆ ಎಳೆ ಎಣಿಸಿ ಗವಂತಿ, ಮುರ್ಗಿಗಳ ಕಸೂತಿ ತೆಗೆಯುವವಳು ಹೆಣ್ಣು. ಅದೇ ಸೂಜಿ ಪೇಟೆಯ ಅಂಗಡಿಯಲ್ಲಿ ಕುಳಿತು ಕೂಲಿ ಪಡೆಯತೊಡಗಿದರೆ ಅದನ್ನು ಹಿಡಿದವನು ಶಿಂಪಿಗ.

ಇದೆಲ್ಲವೂ ಪ್ರಕೃತಿಸಿದ್ಧವೆಂದು ಭಾವಿಸುವವರಿದ್ದಾರೆ. ಗಂಡಿನ ತೋಳಿಗೆ ಮಗ್ಗ, ಹೆಣ್ಣಿನ ಬೆರಳಿಗೆ ಕದಿರು ಎನ್ನುವ ಮಾತನ್ನು ನಾನೂ ಕೇಳಿ ಬೆಳೆದವನು. ಅಸ್ಸಾಮಿಗೂ ಮಣಿಪುರಕ್ಕೂ ಹೋದರೆ ಈ ಮಾತು ನಿಲ್ಲುವುದಿಲ್ಲ. ಅಲ್ಲಿ ಮಗ್ಗದ ಮುಂದೆ ಕುಳಿತವಳು ಹೆಣ್ಣು. ನೇಯಲು ಬಾರದ ಹುಡುಗಿಯನ್ನು ಹಿಂದಿನ ಕಾಲದಲ್ಲಿ ಮದುವೆಗೆ ಸಿದ್ಧಳೆಂದು ಎಣಿಸುತ್ತಿರಲಿಲ್ಲ. ಮುಖ್ಯವಾಗಿ ಈಶಾನ್ಯದ ಈ ಮಗ್ಗಗಳಿಂದಾಗಿಯೇ ೨೦೧೯–೨೦ರ ಅಖಿಲ ಭಾರತ ಕೈಮಗ್ಗ ಗಣತಿಯಲ್ಲಿ ೩೫ ಲಕ್ಷಕ್ಕೂ ಮಿಕ್ಕ ಕೈಮಗ್ಗ ಕೆಲಸಗಾರರ ಪೈಕಿ ನೂರಕ್ಕೆ ಎಪ್ಪತ್ತೆರಡರಷ್ಟು ಸ್ತ್ರೀಯರೆಂದು ಕಂಡುಬಂದಿತು. ಅಮೆರಿಕದ ನೈಋತ್ಯ ಭಾಗದಲ್ಲಿ ಅಕ್ಕಪಕ್ಕದಲ್ಲಿ ಬಾಳುವ ಎರಡು ಮೂಲನಿವಾಸಿ ಜನಾಂಗಗಳಿವೆ. ಹೋಪಿಗಳಲ್ಲಿ ನೇಯುವವರು ಗಂಡಸರು, ನವಾಹೋಗಳಲ್ಲಿ ಹೆಂಗಸರು. ನೆಲ ಒಂದೇ, ಮಗ್ಗವೂ ಹೆಚ್ಚುಕಡಿಮೆ ಒಂದೇ ಬಗೆಯದು. ಪಶ್ಚಿಮ ಆಫ್ರಿಕದ ಯೊರುಬಾ ಜನರಲ್ಲಂತೂ ಕಿರಿದಾದ ಪಟ್ಟಿ ನೇಯುವ ಮಗ್ಗ ಗಂಡಿನದು, ನೆಟ್ಟಗೆ ನಿಲ್ಲಿಸಿದ ಅಗಲ ಮಗ್ಗ ಹೆಣ್ಣಿನದು.

ಮರ್ಡಾಕ್ ಮತ್ತು ಪ್ರೊವೋಸ್ಟ್ ಎಂಬ ವಿದ್ವಾಂಸರು ೧೯೭೩ರಲ್ಲಿ ಜಗತ್ತಿನ ೧೮೫ ಸಮಾಜಗಳ ಕೆಲಸಹಂಚಿಕೆಯನ್ನು ತುಲನೆ ಮಾಡಿದರು. ನೂಲುವುದು ಬಹುಮಟ್ಟಿಗೆ ಎಲ್ಲೆಡೆ ಸ್ತ್ರೀಯರದು. ನೇಯುವುದು ಹಾಗಲ್ಲ, ಹಲವು ಕಡೆ ಕೈ ಬದಲಾಗಿದೆ. ಏಕಿರಬಹುದು? ೧೯೭೦ರಲ್ಲಿ ಜುಡಿತ್ ಬ್ರೌನ್ ಎಂಬ ವಿದುಷಿಯು ಒಂದು ಸಮಾಧಾನ ಹೇಳಿದ್ದರು. ಮಗುವನ್ನು ನೋಡಿಕೊಳ್ಳುತ್ತಲೇ ಮಾಡಬಹುದಾದ, ನಡುವೆ ಬಿಟ್ಟು ಮತ್ತೆ ಹಿಡಿಯಬಹುದಾದ, ಅಪಾಯವಿಲ್ಲದ, ಮನೆಯ ಸಮೀಪದ ಕೆಲಸಗಳು ಸ್ತ್ರೀಯರ ಪಾಲಿಗೆ ಬರುತ್ತವೆಂದು ಅವರ ಅಭಿಪ್ರಾಯ. ನೂಲುವುದಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ. ತೊಟ್ಟಿಲು ತೂಗುತ್ತ ರಾಟಿ ತಿರುಗಿಸಿದವರನ್ನು ನಮ್ಮ ಅಜ್ಜಿಯಂದಿರ ಪೀಳಿಗೆ ಕಂಡಿದೆ. ಆದರೆ ದೋಟಿಹಾಳದ ಕುಣಿಮಗ್ಗವೂ ಮನೆಯೊಳಗೇ ಇದೆ, ಅದರಲ್ಲಿಯೂ ಅಪಾಯವಿಲ್ಲ, ಅದನ್ನೂ ನಡುವೆ ಬಿಟ್ಟೇಳಬಹುದು. ಆದರೂ ಅದು ಗಂಡಿನದಾಯಿತು. ಆದ್ದರಿಂದ ಈ ಸಮಾಧಾನ ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ. ಉಳಿದರ್ಧ ಆಯಾ ಸಮಾಜದ ರೂಢಿ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಇದು ವ್ಯವಹಾರನಯದ ಮಾತು. ನಿಶ್ಚಯದಲ್ಲಿ ಆತ್ಮಕ್ಕೆ ಲಾಳಿಯೂ ಇಲ್ಲ, ಕದಿರೂ ಇಲ್ಲ.

ರೂಢಿಯೆಂದ ಮಾತ್ರಕ್ಕೆ ಅದು ದೋಷವೆಂದು ನಾನು ಹೇಳುತ್ತಿಲ್ಲ. ಕೆಲಸವನ್ನು ಹಂಚಿಕೊಳ್ಳದೆ ಯಾವ ಮನೆಯೂ ನಡೆಯದು. ಭಗವಾನ್ ಆದಿನಾಥರು ಕರ್ಮಭೂಮಿಯ ಆರಂಭದಲ್ಲಿ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಬೋಧಿಸಿದರೆಂದು ಜಿನಸೇನಾಚಾರ್ಯರ ಮಹಾಪುರಾಣ ಹೇಳುತ್ತದೆ. ಪಂಪನೂ ಅದನ್ನು ಕನ್ನಡಕ್ಕೆ ತಂದ. ಪುರುಷರಿಗೆ ಎಪ್ಪತ್ತೆರಡು ಕಲೆ, ಸ್ತ್ರೀಯರಿಗೆ ಅರುವತ್ತನಾಲ್ಕು ಎಂಬ ವಿಭಾಗವೂ ಆಗಮ ಪರಂಪರೆಯಲ್ಲಿದೆ. ಅದೇ ಆದಿಪ್ರಭುಗಳು ಲಿಪಿಯನ್ನು ಬ್ರಾಹ್ಮಿಗೂ ಅಂಕೆಯನ್ನು ಸುಂದರಿಗೂ, ಎಂದರೆ ತಮ್ಮ ಇಬ್ಬರು ಹೆಣ್ಣುಮಕ್ಕಳಿಗೆ, ಕಲಿಸಿದರೆಂಬುದನ್ನು ಕೂಡ ನಾವು ಮರೆಯಬಾರದು. ಲೆಕ್ಕವನ್ನು ಕಲಿತ ಮೊದಲ ಮಗಳು ಸುಂದರಿ. ಅವಳ ಪರಂಪರೆಯ ಹೆಣ್ಣುಮಕ್ಕಳ ಕೆಲಸಕ್ಕೆ "ಏನ್ ಲೆಕ್ಕ" ಎಂದು ನಾವು ಕೇಳುತ್ತಿದ್ದೇವೆ.

ಯಾವಾಗಿನಿಂದ ಹೀಗಾಯಿತು? ಹಿಂದೆ ಲೆಕ್ಕವಿತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸೂತ್ರಾಧ್ಯಕ್ಷನೆಂಬ ಅಧಿಕಾರಿಯಿದ್ದಾನೆ. ಅವನು ವಿಧವೆಯರಿಂದಲೂ ಅಂಗವಿಕಲೆಯರಿಂದಲೂ ಕನ್ಯೆಯರಿಂದಲೂ ನೂಲು ತೆಗೆಸಬೇಕು. ನೂಲು ನಯವೋ ದಪ್ಪವೋ ಮಧ್ಯಮವೋ ಎಂದು ಪರೀಕ್ಷಿಸಿ ಅದಕ್ಕೆ ತಕ್ಕ ಕೂಲಿ ಕೊಡಬೇಕು. ಮನೆಯಿಂದ ಹೊರಗೆ ಬಾರದ ಸ್ತ್ರೀಯರಿಗೆ ದಾಸಿಯರ ಮೂಲಕ ಕೆಲಸ ಕಳಿಸಬೇಕು. ಕೂಲಿ ಕೊಡುವುದನ್ನು ತಡಮಾಡಿದರೆ ಅಧಿಕಾರಿಗೇ ದಂಡ. ಹನ್ನೆರಡನೆಯ ಶತಮಾನದ ಶರಣೆಯೊಬ್ಬಳು ಕದಿರ ರೆಮ್ಮವ್ವೆಯೆಂದೇ ಪ್ರಸಿದ್ಧಳು. ನೂಲುವ ಉಪಕರಣವೇ ಅವಳ ಹೆಸರಿನ ಭಾಗವಾಯಿತು, ಏಕೆಂದರೆ ಅದು ಅವಳ ಕಾಯಕ. ೧೮೦೦ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್ ಬೆಂಗಳೂರಿನ ಕಡೆ ಕಂಡದ್ದನ್ನು ಬರೆದಿದ್ದಾನೆ. ಬ್ರಾಹ್ಮಣರೊಬ್ಬರನ್ನುಳಿದು ಎಲ್ಲ ಜಾತಿಯ ಹೆಂಗಸರೂ ವಾರದ ಸಂತೆಯಲ್ಲಿ ಹತ್ತಿ ಕೊಂಡು, ಮನೆಯಲ್ಲಿ ನೂತು, ನೂಲನ್ನು ನೇಕಾರರಿಗೆ ಮಾರುತ್ತಿದ್ದರು. ನಮ್ಮ ಎರೆಸೀಮೆಯ ಸಂತೆಗಳು ಇದಕ್ಕಿಂತ ತೀರ ಭಿನ್ನವಾಗಿದ್ದವೆಂದು ನನಗನಿಸುವುದಿಲ್ಲ. ಒಬ್ಬ ನೇಕಾರನ ಮಗ್ಗ ನಿಲ್ಲದಿರಬೇಕಾದರೆ ನಾಲ್ಕಾರು ಹೆಂಗಸರು ನೂಲಬೇಕಾಗಿತ್ತು. ನೂಲಿಗೆ ತೂಕವಿತ್ತು, ತೂಕಕ್ಕೆ ಬೆಲೆಯಿತ್ತು, ಬೆಲೆ ಅವಳ ಸೆರಗಿನ ಗಂಟಿಗೆ ಬರುತ್ತಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಮೊದಲು ಇಂಗ್ಲೆಂಡಿನ ಗಿರಣಿ ನೂಲು, ಅನಂತರ ಮುಂಬಯಿ, ಸೊಲ್ಲಾಪುರ, ಗೋಕಾಕಗಳ ಗಿರಣಿ ನೂಲು ಬಂದಿತು. ನೇಕಾರನ ಮಗ್ಗ ಆಗ ಸಾಯಲಿಲ್ಲ. ಎಷ್ಟೋ ಕಡೆ ಅಗ್ಗದ ನೂಲಿನಿಂದ ಬದುಕಿಕೊಂಡಿತು. ಸತ್ತದ್ದು ರಾಟಿ. ಕೈಮಗ್ಗದ ಅವನತಿಯನ್ನು ಕುರಿತು ಬರೆಯುವವರು ಈ ಭೇದವನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ಹೆಣ್ಣುಮಕ್ಕಳ ಕೈ ಖಾಲಿ ಉಳಿಯಲಿಲ್ಲ. ನೇಕಾರರ ಮನೆಗಳಲ್ಲಿ ಅದೇ ಕೈ ಗಿರಣಿ ನೂಲನ್ನು ಕಂಡಿಕೆಗೆ ಸುತ್ತುವುದರಲ್ಲಿ, ಹಾಸು ಹೂಡುವುದರಲ್ಲಿ ತೊಡಗಿತು. ಆದರೆ ನೂಲನ್ನು ಸಂತೆಗೆ ಒಯ್ಯಬಹುದಾಗಿತ್ತು. ಸುತ್ತಿದ ಕಂಡಿಕೆಯನ್ನು ಗಂಡನ ಲಾಳಿಗಲ್ಲದೆ ಎಲ್ಲಿಗೂ ಒಯ್ಯುವಂತಿಲ್ಲ. ಮಾರಾಟವಿಲ್ಲದ್ದಕ್ಕೆ ಬೆಲೆ ಹೋಯಿತು, ಬೆಲೆಯಿಲ್ಲದ ಕೆಲಸಕ್ಕೆ ಕೆಲಸವೆಂಬ ಹೆಸರೂ ಹೋಗಿ "ಕೈಗೂಡಿಸುವುದು" ಎಂದಾಯಿತು. ಹೀಗೆ ಕೆಲಸಗಾತಿಯೊಬ್ಬಳು ಎರಡು ಮೂರು ತಲೆಮಾರಿನಲ್ಲಿ ಸಹಾಯಕಿಯಾದಳು. ಗಾಂಧೀಜಿಯವರು ಚರಖಾ ಹಿಡಿದಾಗ ಈ ಹೋದ ಬೆಲೆಯನ್ನು ಮರಳಿ ತರುವ ಯತ್ನವೂ ಅದರಲ್ಲಿತ್ತು. ೧೯೩೫ರಲ್ಲಿ ಅವರು, ಖಾದಿಯ ಬೆಲೆ ಏರಿದರೂ ಸರಿ, ನೂಲುವವಳಿಗೆ ಹೊಟ್ಟೆ ತುಂಬುವಷ್ಟು ಕೂಲಿ ಕೊಡಲೇಬೇಕೆಂದು ಹಟ ಹಿಡಿದರು. ಮಾರಾಟ ಇಳಿಯುತ್ತದೆಂದು ಖಾದಿ ಕಾರ್ಯಕರ್ತರೇ ಅಂಜಿದ್ದರು.

ಈಗ ಸ್ವಾಧ್ಯಾಯದ ಮಾತಿಗೆ ಬರುತ್ತೇನೆ. ಕೊಡದಿದ್ದುದನ್ನು ತೆಗೆದುಕೊಳ್ಳುವುದು ಸ್ತೇಯವೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ನಿರೂಪಿಸಿದ್ದಾರೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎರಡನ್ನು ಇಲ್ಲಿ ನೆನೆಯಬೇಕು. ತದಾಹೃತಾದಾನ, ಎಂದರೆ ಇನ್ನೊಬ್ಬರು ಕದ್ದು ತಂದುದನ್ನು ಕೊಳ್ಳುವುದು. ಹೀನಾಧಿಕಮಾನೋನ್ಮಾನ, ಎಂದರೆ ಕೊಡುವಾಗ ಒಂದು ಅಳತೆ, ಕೊಳ್ಳುವಾಗ ಇನ್ನೊಂದು ಅಳತೆ. ನಮ್ಮವರು ಬಹುಪಾಲು ವ್ಯಾಪಾರಸ್ಥರಾದ್ದರಿಂದ ಈ ಎರಡನ್ನೂ ತಕ್ಕಡಿ, ಗಜಕಡ್ಡಿಗಳಿಗೆ ಅನ್ವಯಿಸಿ ಪಾಲಿಸಿಕೊಂಡು ಬಂದಿದ್ದಾರೆ. ಅದಕ್ಕಾಗಿ ಪೇಟೆಯಲ್ಲಿ ಮರ್ಯಾದೆಯನ್ನೂ ಗಳಿಸಿದ್ದಾರೆ. ಆ ಪಡಸಾಲೆಯಲ್ಲಿ ನಾನು ಹಿಡಿದ ಅಳತೆ ಯಾವುದು? ಸೀರೆ ಚೆನ್ನಾಗಿದೆಯೇ ಎಂದು ನೋಡುವಾಗ ಟೋಪ ತೆನಿಯ ಕುಣಿಕೆಗಳನ್ನು ಬೆರಳಿಟ್ಟು ಪರೀಕ್ಷಿಸಿದೆ. ದರ ಕಟ್ಟುವಾಗ ಅದೇ ಕುಣಿಕೆಗಳು ನನ್ನ ಲೆಕ್ಕದಲ್ಲಿರಲಿಲ್ಲ.

ಇದಕ್ಕೆ ನಮ್ಮ ಸಮಿತಿಯ ಹಿರಿಯರೊಬ್ಬರು ಒಂದು ಆಕ್ಷೇಪ ತಂದರು. ಅದು ಹಗುರವಾದುದಲ್ಲ. ಮನೆಯೆಂದರೆ ಒಂದೇ ಗಡಿಗೆ; ಗಂಡ ತಂದ ಹಣದಲ್ಲಿ ಹೆಂಡತಿಯೂ ಉಣ್ಣುತ್ತಾಳೆ, ತಾಯಿಯೂ ಉಣ್ಣುತ್ತಾಳೆ. ಅವರ ಪಾಲನ್ನು ಬೇರೆಯಾಗಿ ಎಣಿಸತೊಡಗಿದರೆ ಒಲೆಯ ಮುಂದೆ ಲೆಕ್ಕದ ಪುಸ್ತಕ ಇಟ್ಟಂತಾಗುತ್ತದೆ. ನಮ್ಮ ಮನೆಗಳಲ್ಲಿ ಹೋಳಿಗೆ ಮಾಡಿದ್ದಕ್ಕೆ ಯಾರು ಕೂಲಿ ಕೊಡುತ್ತಾರೆ? ಪ್ರೀತಿಯಿಂದ ಕೊಟ್ಟುದು ದತ್ತವೇ ಹೊರತು ಅದತ್ತವಾಗುವುದಿಲ್ಲ, ಎಂದರು. ಅನೇಕಾಂತಿಯಾದವನು ಈ ಮಾತನ್ನು ತಳ್ಳಿಹಾಕುವಂತಿಲ್ಲ. ಹಾಗೆ ಪ್ರೀತಿಯಿಂದ ನಡೆಯುವ ಮನೆಗಳಿವೆ. ಅಲ್ಲಿ ಹೊರಗಿನವನು ಲೆಕ್ಕ ತರುವುದು ಅವಿವೇಕವೇ ಆದೀತು.

ಆದರೆ ಅವಳು ಕೊಟ್ಟಿದ್ದರೆ ಕೊಟ್ಟದ್ದು ತನ್ನ ಮಗನಿಗೆ, ತನ್ನ ಗಡಿಗೆಗೆ. ನನಗೆ ಕೊಡಲಿಲ್ಲ. ಆ ಗಡಿಗೆಗೆ ಬೀಳಬೇಕಾದುದನ್ನು ಕಡಿಮೆ ಮಾಡಿ ನಾನು ಬಸದಿಯ ಹುಂಡಿಯ ಉಳಿತಾಯವೆಂದು ಬರೆಸಿಕೊಂಡೆ. ಮಗನ ಮೇಲಿನ ಅವಳ ಮಮತೆಯು ನನಗೆ ರಿಯಾಯಿತಿಯಾಗಿ ಪರಿಣಮಿಸಿತು. ಇನ್ನೊಂದು ಮಾತು. ಗಡಿಗೆ ಒಂದೇ ಎಂಬುದು ಗಡಿಗೆ ಇರುವವರೆಗೆ. ನೇಯುವವನು ತೀರಿಕೊಂಡ ದಿನ, ಅಥವಾ ಮಕ್ಕಳು ಬೇರೆಯಾದ ದಿನ, ಇಪ್ಪತ್ತು ಮೂವತ್ತು ವರ್ಷ ಹಾಸು ಹೂಡಿದವಳಿಗೆ ನಾನು ಇಂಥ ಕಸುಬಿನವಳು ಎಂದು ಹೇಳಿಕೊಳ್ಳಲು ಹೆಸರಿರುವುದಿಲ್ಲ. ಹೋಳಿಗೆಯನ್ನು ನಾವು ಮಾರುವುದಿಲ್ಲ, ಆದ್ದರಿಂದ ಆ ಹೋಲಿಕೆ ನಿಲ್ಲುವುದಿಲ್ಲ. ಸೀರೆ ಮಾರಾಟಕ್ಕಿದೆ.

ನಮ್ಮ ಕುಟುಂಬಗಳೂ ಬಸದಿಗಳ ಸಮಿತಿಗಳೂ ವರ್ಷಕ್ಕೆ ಕೊಳ್ಳುವ ಬಟ್ಟೆ ಕಡಿಮೆಯಲ್ಲ. ವೇಷ್ಟನಕ್ಕೆ, ನೀರು ಗಾಳಿಸಲು, ಅಭಿಷೇಕದ ಶುದ್ಧವಸ್ತ್ರಕ್ಕೆ, ಮಾತಾಜಿಯವರಿಗೆ, ಉತ್ಸವಗಳ ಉಡುಗೊರೆಗೆ ಬೇಕಾದುದು ಬಹುಪಾಲು ಹತ್ತಿಯದೇ. ಗಂಡಸರೇ ನೂಲಲಿ, ಹೆಂಗಸರೇ ನೇಯಲಿ ಎಂದು ಹೇಳಹೋಗುವುದು ನಮ್ಮ ಕೆಲಸವಲ್ಲ. ಕೈಯನ್ನು ಬದಲಾಯಿಸುವುದು ಬಿಡುವುದು ಆಯಾ ಮನೆಯವರಿಗೆ ಸೇರಿದ್ದು. ಹಣ ಕೊಡುವ ಕೈ ನಮ್ಮದಾದ್ದರಿಂದ ಅದರ ಲೆಕ್ಕ ಮಾತ್ರ ನಮ್ಮದು.

ಹೋದ ವರ್ಷ ಸಮಿತಿಯು ಅದೇ ಮನೆಗೆ ಮತ್ತೆ ಸೀರೆಗಳನ್ನು ಹೇಳಿತು. ಈ ಬಾರಿ ಮಗ್ಗದ ಕೂಲಿಯನ್ನು ಒಂದು ಸಾಲಿನಲ್ಲಿಯೂ, ಕಂಡಿಕೆ, ಹಾಸು, ಸೆರಗಿನ ಜೋಡಣೆಗಳ ಕೂಲಿಯನ್ನು ಇನ್ನೊಂದು ಸಾಲಿನಲ್ಲಿಯೂ ಬರೆದು, ಎರಡನೆಯದನ್ನು ಮಾಡಿದವರ ಕೈಗೇ ಕೊಡುವುದೆಂದು ಠರಾವಾಯಿತು. ಸೀರೆಯ ದರ ಏರಿತು, ಕೊಡುವ ಸೀರೆಗಳ ಸಂಖ್ಯೆ ಇಳಿಯಿತು. ಅದಕ್ಕೆ ಇಬ್ಬರು ಸದಸ್ಯರು ಅಸಮಾಧಾನ ಸೂಚಿಸಿದರು. ನೇಕಾರರಿಗೂ ಇದು ಸಂಪೂರ್ಣ ಹಿಡಿಸಿದಂತೆ ಕಾಣಲಿಲ್ಲ. ತಮ್ಮ ಮನೆಯ ಹೆಂಗಸರನ್ನು ಕೂಲಿಯವರೆಂದು ಬರೆಯುವುದು ಗೌರವವಲ್ಲ ಎಂದು ಅವರ ಮಾತಿನ ಧಾಟಿ. ಅದನ್ನು ಕೂಡ ನಾವು ಕೇಳಿಕೊಳ್ಳಬೇಕು. ಕೂಲಿಯೆಂಬ ಶಬ್ದದ ಬದಲು ಕೆಲಸದ ಹೆಸರನ್ನೇ ಬರೆಯೋಣವೆಂದು ಒಪ್ಪಂದವಾಯಿತು. ಪಾವತಿ ಬರೆಯಲು ಕುಳಿತ ಖಜಾಂಚಿಯವರು ಎರಡನೆಯ ಸಾಲಿನ ಮುಂದೆ ಲೇಖನಿ ನಿಲ್ಲಿಸಿ, "ಆ ಅಮ್ಮನ ಹೆಸರೇನು?" ಎಂದು ಕೇಳಿದರು. ಎರಡು ಬಾರಿ ಆ ಪಡಸಾಲೆಯಲ್ಲಿ ಕುಳಿತು ಬಂದಿದ್ದ ನನಗೂ ಗೊತ್ತಿರಲಿಲ್ಲ. ಒಬ್ಬ ಹುಡುಗನನ್ನು ಕೇಳಿಬರಲು ಕಳಿಸಿದೆವು.